ಎತ್ತರದ ಲೋಟದಲ್ಲಿ ಹಾಲು ಹೆಚ್ಚೇ?

ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಒಂದೇ ತರಹದ ಎರಡು ಲೋಟಗಳಲ್ಲಿ ಸಮನಾಗಿ ಹಾಲು ಹಾಕಿ. ಎರಡರಲ್ಲೂ ಒಂದೇ ಸಮ ಎಂದು ಮಗು ಒಪ್ಪುತ್ತದೆ. ಈಗ ಅದರ ಕಣ್ಣೆದುರೇ ಒಂದು ಲೋಟದ ಹಾಲನ್ನು ಸಪೂರವಾದ, ಎತ್ತರದ ಲೋಟಕ್ಕೆ ಸುರಿಯಿರಿ. 'ಯಾವುದರಲ್ಲಿ ಜಾಸ್ತಿ?' ಎಂದು ಕೇಳಿ. ಮಗು ಎತ್ತರದ ಲೋಟವನ್ನೇ ತೋರಿಸಿದರೆ ಗಾಬರಿಯಾಗಬೇಡಿ. ಆ ವಯಸ್ಸಿನ ಬಹುತೇಕ ಮಕ್ಕಳ ಉತ್ತರ ಅದೇ.

ಈ ಪರೀಕ್ಷೆಯನ್ನು ಪ್ರಸಿದ್ಧಗೊಳಿಸಿದವರು ಜಿನೀವಾದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ಸಹೋದ್ಯೋಗಿ ಅಲೀನಾ ಶೆಮಿನ್ಸ್ಕಾ ಜೊತೆ 1941ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ಚಿಕ್ಕ ಮಗು ಎತ್ತರವನ್ನು ನೋಡುತ್ತದೆ, ಅಗಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾತ್ರೆ ಬದಲಾದರೂ ಹಾಲು ಅಷ್ಟೇ ಎಂಬ ತಿಳಿವು ಸುಮಾರು ಏಳು ವರ್ಷದ ಹೊತ್ತಿಗೆ ಬರುತ್ತದೆ. ಅಂದಮೇಲೆ ಅದಕ್ಕೆ ಮೊದಲೇ '1 ಲೀಟರ್ ಅಂದರೆ 1000 ಮಿಲಿಲೀಟರ್' ಎಂದು ಬಾಯಿಪಾಠ ಮಾಡಿಸಿದರೆ ಏನು ಬಂತು?

ಮೊದಲು ಕೈಗೆ ಪಾತ್ರೆ ಕೊಡಿ ಎಂದವರು ಮರಿಯಾ ಮಾಂಟೆಸರಿ. 1907ರಲ್ಲಿ ರೋಮ್ ನಗರದಲ್ಲಿ ಅವರು ತಮ್ಮ ಮೊದಲ ಶಿಶುಮಂದಿರ ತೆರೆದರು. ಅವರ ಪದ್ಧತಿಯ ಶಾಲೆಗಳಲ್ಲಿ ಪುಟಾಣಿಗಳು ಮೊದಲು ಕಾಳು, ಆಮೇಲೆ ನೀರು ಸುರಿಯಲು ಕಲಿಯುತ್ತಾರೆ. ಚೆಲ್ಲಿದರೆ ಬೈಗುಳವಿಲ್ಲ, ಒರೆಸುವುದೂ ಪಾಠವೇ. ಚೆನ್ನೈ ಕೇಳುಗರು ಗಮನಿಸಬೇಕು: ಈ ತಾಯಿ 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ನಿಮ್ಮ ಅಡ್ಯಾರಿಗೇ ಬಂದಿದ್ದರು. ಮಹಾಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು.

ನಮ್ಮ ಹಿರಿಯರೂ ಅಳತೆ ಕಲಿತದ್ದು ಸುರಿದೇ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಕರಾವಳಿಯವರಿಗೆ ಹಾಲು ಎಂದರೆ ಕುಡ್ತೆ ಲೆಕ್ಕ. ಹಾಲಿನವನು ಎತ್ತರದಿಂದ ಸುರಿದು ನೊರೆ ಎಬ್ಬಿಸಿದರೆ ಅಜ್ಜಿ ಬಿಡುತ್ತಿರಲಿಲ್ಲ. 'ನೊರೆ ಇಳೀಲಿ, ಆಮೇಲೆ ನೋಡೋಣ' ಎನ್ನುವಳು. ಮೇಲೆ ಒಂದಿಷ್ಟು ಕೊಸರನ್ನೂ ಹಾಕಿಸಿಕೊಳ್ಳುವಳು. ಪಕ್ಕದಲ್ಲಿ ನಿಂತ ಮಗುವಿಗೆ ಅದಕ್ಕಿಂತ ದೊಡ್ಡ ಪಾಠ ಬೇಕೇ? ಕಾಣುವುದೆಲ್ಲ ಹಾಲಲ್ಲ!

ಆದರೆ ಹಳೆಯ ಅಳತೆಗೊಂದು ತೊಡಕಿತ್ತು. ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ. ಕನ್ನಡಿಗರೋ ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದವರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ತರುವ ಕಾಯ್ದೆಯೂ ಬಂತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು, ನಂತರ ಲೀಟರ್ ಅಳತೆಗಳು ಹಂತ ಹಂತವಾಗಿ ಬಳಕೆಗೆ ಬಂದವು. ಆಗ ದೊಡ್ಡವರೇ ಮತ್ತೆ ಮಕ್ಕಳಾದರು. ಸೇರು ದೊಡ್ಡದೋ ಲೀಟರ್ ದೊಡ್ಡದೋ ಎಂಬ ಅನುಮಾನ ತೀರಲು ಅವರಿಗೂ ಒಂದರಿಂದ ಇನ್ನೊಂದಕ್ಕೆ ಸುರಿದು ನೋಡುವುದೇ ದಾರಿ.

ಇಂದು ನಾವಿರುವ ಮಹಾನಗರಗಳ ಹೆಚ್ಚಿನ ಮನೆಗಳಿಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅಳತೆ ಅಚ್ಚಾಗಿ ಬರುತ್ತದೆ, ಅಳೆಯುವುದು ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಅಜ್ಜಿಯ ಪಾವು ಅಟ್ಟ ಸೇರಿದೆ; ಅದರೊಂದಿಗೆ ಆ ಮಾತುಗಳೂ ಮರೆಯಾಗುತ್ತಿವೆ.

ಈ ಭಾನುವಾರ ಒಂದು ಕೆಲಸ ಮಾಡಿ. ಬಚ್ಚಲುಮನೆಯಲ್ಲಿ ಒಂದು ಬಕೆಟ್ ನೀರು, ಒಂದು ಲೀಟರಿನ ಬಾಟಲಿ, 200 ಮಿ.ಲೀ. ಲೋಟ ಇಡಿ. ಇದ್ದರೆ ಊರಿನಿಂದ ತಂದ ಪಾವನ್ನೂ ಇಡಿ. ಬಾಟಲಿ ತುಂಬಲು ಎಷ್ಟು ಲೋಟ, ಎಷ್ಟು ಪಾವು ಎಂದು ಮಗುವೇ ಎಣಿಸಲಿ. ಐದು ಲೋಟ ಎಂದು ನೀವು ಮೊದಲೇ ಹೇಳಬೇಡಿ. ನೆಲ ಒದ್ದೆಯಾಗುತ್ತದೆ, ಆಗಲಿ. ಲೀಟರ್ ಜೊತೆ ಪಾವು, ಸೇರು ಎಂಬ ಎರಡು ಕನ್ನಡ ಮಾತೂ ಮಗುವಿಗೆ ಸಿಗುತ್ತವೆ. ಅದೇ ನಮ್ಮ ಕೊಸರು!