ಕಾಡಲ್ಲಿ ಮಲಗೋಕೂ ಚೀಟಿ ಬೇಕಾ?

ಮೊನ್ನೆ ಭಾನುವಾರ ಊರಿಗೆ ಫೋನ್ ಮಾಡಿದಾಗ ಖುಷಿಯಿಂದ ಹೇಳಿದೆ, "ಅಪ್ಪಾ, ಲಾಟರಿಯಲ್ಲಿ ನನ್ನ ಹೆಸರು ಬಂತು!"

"ಎಷ್ಟು ದುಡ್ಡು?"

"ದುಡ್ಡಲ್ಲ ಅಪ್ಪಾ, ಯೊಸೆಮಿಟಿ ಕಾಡಲ್ಲಿ ರಾತ್ರಿ ಉಳಿಯೋಕೆ ಪರ್ಮಿಟ್."

"ಕಾಡಲ್ಲಿ ಮಲಗೋಕೂ ಚೀಟಿ ಬೇಕೇನೋ?" ಅಂತ ಅಪ್ಪ ಜೋರಾಗಿ ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಹೌದಲ್ವಾ, ಈ ಚೀಟಿ ಬಂದಿದ್ದು ಯಾವಾಗ, ಯಾಕೆ?

ನಾನು ಹೊರಟಿರುವುದು ಜಾನ್ ಮ್ಯೂರ್ ಟ್ರೇಲ್‌ಗೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಯೊಸೆಮಿಟಿ ಕಣಿವೆಯಿಂದ ಮೌಂಟ್ ವಿಟ್ನಿ ಶಿಖರದವರೆಗೆ 211 ಮೈಲಿ, ಅಂದರೆ ಸುಮಾರು 340 ಕಿಲೋಮೀಟರ್. ಸುಮಾರು ಮೂರು ವಾರದ ನಡಿಗೆ. ಮಧ್ಯೆ ಬೇರೆ ಬೇರೆ ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್‌ಗಳು ಬಂದರೂ, ಹೊರಡುವ ಜಾಗದಲ್ಲಿ ಪಡೆದ ಒಂದೇ ಚೀಟಿ ಪೂರ್ತಿ ದಾರಿಗೆ ನಡೆಯುತ್ತದೆ.

ಜಾನ್ ಮ್ಯೂರ್ ಈ ಬೆಟ್ಟಗಳಲ್ಲಿ ಅಲೆಯುತ್ತಿದ್ದಾಗ ಅವರ ಹತ್ತಿರ ಇದ್ದಿದ್ದು ಒಂದಿಷ್ಟು ಬ್ರೆಡ್ಡು, ಟೀ ಪುಡಿ, ನೋಟ್‌ಬುಕ್ಕು. ಚೀಟಿ ಕೇಳುವವರು ಯಾರೂ ಇರಲಿಲ್ಲ. ಯೊಸೆಮಿಟಿ 1890ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. 1892ರಲ್ಲಿ ಸಿಯೆರಾ ಕ್ಲಬ್ ಹುಟ್ಟಿತು, ಮ್ಯೂರ್ ಅದರ ಮೊದಲ ಅಧ್ಯಕ್ಷ. ಜನ ಬಂದು ಬೆಟ್ಟ ನೋಡಿದರೆ ತಾನೇ ಬೆಟ್ಟವನ್ನು ಪ್ರೀತಿಸೋದು, ಪ್ರೀತಿಸಿದರೆ ತಾನೇ ಉಳಿಸೋದು? ಹಾಗಾಗಿ ಕ್ಲಬ್ 1901ರಿಂದ ದೊಡ್ಡ ದೊಡ್ಡ ಗುಂಪುಗಳನ್ನು ಬೆಟ್ಟಕ್ಕೆ ಕರೆದೊಯ್ಯತೊಡಗಿತು. ಹೇಸರಗತ್ತೆಗಳ ಮೇಲೆ ಅಡುಗೆ ಸಾಮಾನು ಹೇರಿಕೊಂಡು ಹೊರಡುವ ದಿಬ್ಬಣ ಅಂದುಕೊಳ್ಳಿ! 1914ರಲ್ಲಿ ಮ್ಯೂರ್ ತೀರಿಕೊಂಡರು. ಮರುವರ್ಷ ರಾಜ್ಯ ಸರ್ಕಾರ ಅವರ ಹೆಸರಿನ ಹಾದಿಗೆ 10,000 ಡಾಲರ್ ಕೊಟ್ಟಿತು. ಹಾದಿ ಮುಗಿದಿದ್ದು 1938ರಲ್ಲಿ.

ಆಮೇಲೆ ಪ್ರೀತಿ ಅತಿಯಾಯಿತು. ಎರಡನೇ ಮಹಾಯುದ್ಧದ ನಂತರ ನೈಲಾನ್ ಟೆಂಟು, ಹಗುರವಾದ ಅಲ್ಯುಮಿನಿಯಂ ಫ್ರೇಮಿನ ಬ್ಯಾಗು ಬಂದವು. ಹೇಸರಗತ್ತೆ ಇಲ್ಲದೆ ಯಾರು ಬೇಕಾದರೂ ಹೋಗಬಹುದಾಯಿತು. 1960ರ ದಶಕದ ಕೊನೆಗೆ ಸರೋವರಗಳ ದಂಡೆಯಲ್ಲೆಲ್ಲ ಟೆಂಟು, ಬೆಂಕಿ ಹಾಕಿದ ಕರಿ ಗುರುತು, ತುಳಿದು ಬೋಳಾದ ಹುಲ್ಲುಗಾವಲು. ಕರಡಿಗಳೂ ಊಟದ ಚೀಲ ಹುಡುಕೋದು ಕಲಿತವು. ಹಾಗಾಗಿ 1970ರ ದಶಕದಲ್ಲಿ ಯೊಸೆಮಿಟಿಗೆ ಚೀಟಿ ಬಂತು, ಅದರ ಹಿಂದೆಯೇ ಕೋಟಾ ಬಂತು.

ನನ್ನಂಥ ಸಾಫ್ಟ್‌ವೇರ್ ಪ್ರಾಣಿಗೆ ಇಷ್ಟವಾಗಿದ್ದು ಇದರ ಮುಂದಿನ ಕಥೆ. ಜನರನ್ನು ಮಿತಿಗೊಳಿಸಲು ಎರಡು ದಾರಿ ಇವೆ. ಒಂದು, ರೈಲಿನ ಬರ್ತ್ ಥರ, ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಮೊದಲೇ ಬರೆಸಿಕೊಳ್ಳುವುದು. ಗ್ಲೇಸಿಯರ್, ಗ್ರಾಂಡ್ ಕ್ಯಾನ್ಯನ್‌ಗಳಲ್ಲಿ ಹೀಗೇ. ಆದರೆ ಯಾನ್ ವಾನ್ ವಾಗ್ಟೆಂಡಾಂಕ್ ಅನ್ನುವ ಯೊಸೆಮಿಟಿಯ ಸಂಶೋಧಕರು ಅಧ್ಯಯನ ಮಾಡಿ ನೋಡಿದಾಗ, ಜನ ತಾವೇ ಬರೆದುಕೊಟ್ಟ ಪ್ಲಾನ್ ಪಾಲಿಸುತ್ತಲೇ ಇರಲಿಲ್ಲ! ಕಾಲಲ್ಲಿ ಬೊಬ್ಬೆ ಬರುತ್ತೆ, ಮಳೆ ಬರುತ್ತೆ, ಸರೋವರ ಚೆನ್ನಾಗಿದೆ ಅಂತ ಇನ್ನೊಂದು ದಿನ ಉಳಿಯೋಣ ಅನ್ನಿಸುತ್ತೆ. ಹಾಗಾಗಿ ಎರಡನೇ ದಾರಿ: ಯಾವ ಬಾಗಿಲಿನಿಂದ ಹೊರಟವರು ಎಲ್ಲೆಲ್ಲಿ ಹರಡಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿ, ಬಾಗಿಲಲ್ಲಿ ಮಾತ್ರ ತಲೆ ಎಣಿಸುವುದು. ಒಳಗೆ ಹೋದ ಮೇಲೆ ಬಹುಮಟ್ಟಿಗೆ ನಿಮ್ಮಿಷ್ಟ. ಇದಕ್ಕಿಂತ ಒಳ್ಳೆಯ ಡಿಸೈನ್ ನಾನು ಆಫೀಸಿನಲ್ಲೂ ನೋಡಿಲ್ಲ.

ಕೆಲ ವರ್ಷಗಳ ಹಿಂದಿನವರೆಗೂ ಇದಕ್ಕೆ 168 ದಿನ ಮೊದಲು ಫ್ಯಾಕ್ಸ್ ಕಳಿಸಬೇಕಿತ್ತು! ಈಗ ಆನ್‌ಲೈನ್ ಲಾಟರಿ. ಜಾನ್ ಮ್ಯೂರ್ ಟ್ರೇಲ್‌ಗೆ ನುಗ್ಗಾಟ ಜಾಸ್ತಿಯಾಗಿ, 2015ರಲ್ಲಿ ಡಾನಹ್ಯೂ ಪಾಸ್ ದಾಟಿ ಹೋಗುವವರಿಗೆ ದಿನಕ್ಕೆ 45 ಜನ ಅಂತ ಇನ್ನೊಂದು ಮಿತಿ ಹಾಕಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನೆಮ್ಮದಿಯಿಂದ ಬ್ಯಾಗ್ ಕಟ್ಟಬಹುದಿತ್ತು. ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ಇತಿಹಾಸ ಸಿಕ್ಕಿತು. ಯೊಸೆಮಿಟಿ ಕಣಿವೆ ಅಹ್ವಾನೀಚೀ ಜನರ ಮನೆ. 1851ರಲ್ಲಿ ಮರಿಪೋಸಾ ಬೆಟಾಲಿಯನ್ ಅನ್ನುವ ಪಡೆ ಅವರ ಹಳ್ಳಿಗಳನ್ನು ಸುಟ್ಟು, ಅವರನ್ನು ಹೊರಗಟ್ಟಿತು. ಕೆಲವರು ಮರಳಿ ಬಂದು, ಪ್ರವಾಸಿಗಳಿಗಾಗಿ ಕೂಲಿ ಮಾಡುತ್ತಾ ಅಲ್ಲೇ ಉಳಿದರು. 1969ರಲ್ಲಿ ಅವರ ಕೊನೆಯ ವಸತಿಯ ಮನೆಗಳನ್ನೂ ತೆಗೆದುಹಾಕಲಾಯಿತು. 1964ರ ವೈಲ್ಡರ್‌ನೆಸ್ ಕಾಯ್ದೆ ಕಾಡನ್ನು ವಿವರಿಸುವುದೇ ಹೀಗೆ: ಮನುಷ್ಯ ಬಂದು ಹೋಗುವ, ನೆಲೆ ನಿಲ್ಲದ ಜಾಗ. ನನಗೆ ಅದು ಸರಿ, ನಾನು ಬಂದು ಹೋಗುವವನೇ. ನೆಲೆ ನಿಂತಿದ್ದವರಿಗೆ?

ಈ ಭಾನುವಾರ ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು, "ಹಾಗಾದ್ರೆ ಅದು ಊಟದ ಪಂಕ್ತಿ ಇದ್ದ ಹಾಗೆ ಕಣೋ. ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು. ಕಾಯೋದ್ರಲ್ಲಿ ತಪ್ಪೇನಿಲ್ಲ. ಮನೆಯವರನ್ನೇ ಎಬ್ಬಿಸಿ ಕಳಿಸಿದ್ದು ಮಾತ್ರ ತಪ್ಪು."

ನಾನು ಏನೂ ಹೇಳಲಿಲ್ಲ. ಫೋನ್ ಇಡುವಾಗ ಅಪ್ಪನೇ ಕೇಳಿದರು, "ಅಲ್ಲಿ ಎಲೆ ಎತ್ತೋರು ಯಾರು?"

"ನಾವೇ ಅಪ್ಪಾ. ಒಂದು ಕಾಗದದ ಚೂರನ್ನೂ ಬಿಡಬಾರದು, ಎಲ್ಲ ವಾಪಸ್ ಹೊತ್ತು ತರಬೇಕು."

"ಸರಿ ಮತ್ತೆ, ಹೋಗಿ ಬಾ."

ಆಗಸ್ಟಿನಲ್ಲಿ ಹೊರಡುತ್ತೇನೆ. ಬಂದ ಮೇಲೆ ಫೋಟೋ ಹಾಕ್ತೀನಿ :)