ಬೆಟ್ಟದ ಅಳತೆ, ಬೆಟ್ಟದ ಹೆಸರು

ಬೆಟ್ಟವನ್ನು ಅಳೆಯುವವನು ಅದನ್ನು ಹತ್ತಲೇಬೇಕೆಂದಿಲ್ಲ. ಜಗತ್ತಿನ ಅತ್ಯುನ್ನತ ಶಿಖರವನ್ನು ಮನುಷ್ಯನು ಏರಿದ್ದು 1953ರಲ್ಲಿ. ಅದರ ಎತ್ತರವನ್ನಾದರೋ ಅದಕ್ಕೆ ಸುಮಾರು ನೂರು ವರ್ಷ ಮೊದಲೇ, ನೂರು ಮೈಲಿಗೂ ಆಚೆಯ ಬಯಲಿನಲ್ಲಿ ನಿಂತು ಕಂಡುಹಿಡಿದಿದ್ದರು. ಆ ಲೆಕ್ಕದ ಮೊದಲ ಗೆರೆ ಬಿದ್ದದ್ದು ಕನ್ನಡ ನೆಲದ ಮೇಲೆ ಎಂಬುದನ್ನು ನಮ್ಮಲ್ಲಿ ನೆನೆಯುವವರು ವಿರಳ.

1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಆಂಗ್ಲ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಗೆದ್ದ ನಾಡನ್ನು ಅಳೆಯಬೇಕೆಂಬುದು ಆಳುವವರ ಆಸೆ. ಭೂಮಿಯ ಆಕಾರವನ್ನೇ ಅಳೆಯಬೇಕೆಂಬುದು ಈತನ ಹಂಬಲ. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ, ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಅಳೆದ. ಒಂದು ಭುಜದ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಮೂರನೆಯ ಬಿಂದುವಿನ ದೂರ ತಾನಾಗಿ ದೊರೆಯುತ್ತದೆ. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆಯುತ್ತ ಹೋಗುವುದೇ ಈ ವಿದ್ಯೆ. 1802ರಲ್ಲಿ ಮದ್ರಾಸಿನಿಂದ ವಿಧಿವತ್ತಾಗಿ ಹೊರಟ ಹೆಣಿಗೆ ಬೆಂಗಳೂರನ್ನು ಮುಟ್ಟಿದಾಗ, 1804ರಲ್ಲಿ ಅಲ್ಲಿ ಮತ್ತೊಂದು ರೇಖೆಯನ್ನು ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ನೆಲಕ್ಕೂ ಕೆಲವೇ ಅಂಗುಲಗಳ ವ್ಯತ್ಯಾಸ! ಮುಂದೆ ಘಟ್ಟವಿಳಿದು ಪಡುಗಡಲನ್ನು ಸೇರಿದಾಗ, ಹಳೆಯ ನಕಾಶೆಗಳು 400 ಮೈಲಿಯೆಂದು ತೋರಿಸಿದ್ದ ಅಗಲ 360 ಮೈಲಿಗೆ ಇಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು. ಅರ್ಧ ಟನ್ ತೂಕದ ಕೋನಮಾಪಕವನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತವರ ಹೆಸರುಗಳನ್ನು ಮಾತ್ರ ಯಾರೂ ನಕಾಶೆಯಲ್ಲಿ ಬರೆಯಲಿಲ್ಲ.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮವಾದುದು. ದೂರದ ಶಿಖರದಿಂದ ಬರುವ ಬೆಳಕು ಗಾಳಿಯಲ್ಲಿ ಬಾಗುತ್ತದೆ. ನಡುವಿನ ಭೂಮಿಯೂ ಬಾಗಿದೆ. ಎರಡನ್ನೂ ತಿದ್ದಿ, ಕಡಲಿನ ಸರಾಸರಿ ಮಟ್ಟದಿಂದ ಎಣಿಸಬೇಕು. ಹದಿನೈದನೆಯ ಶಿಖರವೆಂದು ಗುರುತು ಹಾಕಿದ್ದ ಹಿಮಗಿರಿಯೊಂದಕ್ಕೆ ಹೀಗೆ 29,002 ಅಡಿ ಎಂಬ ಉತ್ತರ ಬಂತು. 1856ರಲ್ಲಿ ಅದನ್ನು ಪ್ರಕಟಿಸಿದರು. ಆ ಲೆಕ್ಕದೊಂದಿಗೆ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರನ ಹೆಸರು ಸೇರಿಕೊಂಡಿದೆ. 2020ರಲ್ಲಿ ನೇಪಾಳ ಮತ್ತು ಚೀನಾ ಸಾರಿದ ಎತ್ತರ 8,848.86 ಮೀಟರ್, ಅಂದರೆ ಹಳೆಯ ಉತ್ತರಕ್ಕಿಂತ ಮೂವತ್ತು ಅಡಿಯಷ್ಟು ಹೆಚ್ಚು. ಬಯಲಿನಲ್ಲಿ ನಿಂತವರ ಕಣ್ಣಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಅಳತೆಯಲ್ಲಿ ಇಷ್ಟು ಎಚ್ಚರ ವಹಿಸಿದವರು ಹೆಸರಿನಲ್ಲಿ ಎಡವಿದರು. ಊರವರ ಹೆಸರನ್ನೇ ಉಳಿಸಬೇಕೆಂಬುದು ಆ ಇಲಾಖೆಯ ಪದ್ಧತಿ. ಆದರೂ ಮುಖ್ಯಸ್ಥ ಆಂಡ್ರ್ಯೂ ವಾ, ಸ್ಥಳೀಯ ಹೆಸರು ದೊರೆಯಲಿಲ್ಲವೆಂದು ಹೇಳಿ, ತನ್ನ ಹಿಂದಿನ ಅಧಿಕಾರಿ ಜಾರ್ಜ್ ಎವರೆಸ್ಟನ ಹೆಸರಿಟ್ಟ. ಟಿಬೆಟ್ಟಿನ ಜನ ಚೊಮೊಲುಂಗ್ಮಾ ಎನ್ನುತ್ತಿದ್ದರು. 1730ರ ದಶಕದ ಫ್ರೆಂಚ್ ನಕಾಶೆಯಲ್ಲಿಯೇ ಅದರ ಒಂದು ರೂಪ ಅಚ್ಚಾಗಿತ್ತು. ತನ್ನ ಹೆಸರನ್ನು ಈ ದೇಶದವರು ಉಚ್ಚರಿಸಲಾರರೆಂದು ಎವರೆಸ್ಟನೇ ಆಕ್ಷೇಪಿಸಿದ. ಆತ ಹೇಳಿಕೊಳ್ಳುತ್ತಿದ್ದುದು 'ಈವ್‌ರಿಸ್ಟ್' ಎಂದು. ಈಗ ಇಂಗ್ಲಿಷರೂ ಹಾಗೆನ್ನುವುದಿಲ್ಲ! 1865ರಲ್ಲಿ ಲಂಡನ್ನಿನ ಭೂಗೋಳ ಸಂಘ ಆ ಹೆಸರಿಗೇ ಮುದ್ರೆಯೊತ್ತಿತು. ನೇಪಾಳದ ಇತಿಹಾಸಕಾರ ಬಾಬುರಾಮ ಆಚಾರ್ಯರು ಸಗರಮಾಥಾ ಎಂಬ ಹೆಸರನ್ನು ಬಳಕೆಗೆ ತಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಮ್ಮ ಮಲೆನಾಡಿನಲ್ಲಿ ಹೆಸರಿಗೆ ಬರವಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ನೆತ್ತಿಯ ಮೇಲೆ ಗುಡಿಯಿರುವ ಮುಳ್ಳಯ್ಯನದು. ಬಾಬಾಬುಡನ್‌ಗಿರಿ ಸೂಫಿ ಸಂತನದು. ಒಂದು ಪಕ್ಕದಿಂದ ನೋಡಿದವರಿಗೆ ಕುದುರೆಯ ಮುಖದಂತೆ ಕಂಡದ್ದು ಕುದುರೆಮುಖವಾಯಿತು. ಸಂಸೆಯ ಕಡೆಯಿಂದ ಹತ್ತುವವರಿಗೆ ಅದೇ ಸಂಸೆಪರ್ವತ. ಎರಡೂ ಸರಿಯೇ; ನೋಡುವವನು ನಿಂತ ಜಾಗ ಬೇರೆ. ನಕಾಶೆಯಲ್ಲಿ ಒಂದಕ್ಕೇ ಎಡೆ. ಅಲ್ಲಿ ಸಲ್ಲದ ಹೆಸರು ಎರಡು ತಲೆಮಾರಿನಲ್ಲಿ ನಾಲಗೆಯಿಂದಲೂ ಜಾರುತ್ತದೆ. ಗದ್ದೆಯಂಚಿನ ಸಣ್ಣ ಗುಡ್ಡಗಳ ಗತಿಯಂತೂ ಹೇಳಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಿರಿಯರ ಬಾಯಲ್ಲಿ ಉಳಿದಿರುವ ಇಂಥ ಹೆಸರುಗಳನ್ನು ಊರೂರಿನ ಉಪಾಧ್ಯಾಯರು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಅದಕ್ಕೆ ಕೋನಮಾಪಕ ಬೇಡ.

ಶಾಸನಗಳಲ್ಲಿ 'ಕೊಡಗಿ' ಎಂದರೆ ದತ್ತಿಯಾಗಿ ಬಿಟ್ಟ ಭೂಮಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಎಂಬ ಹೆಸರಿನಲ್ಲಿ ನನಗೆ ಆ ಮಾತೇ ಕೇಳಿಸುತ್ತದೆ. 1904ರ ಡಿಸೆಂಬರ್ 29ರಂದು ಅಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಮಗು ಮುಂದೆ ಕುವೆಂಪು ಆಗಿ, ಕುಪ್ಪಳಿಯ ಮನೆಯ ಮೇಲಣ ಬಂಡೆಗುಡ್ಡಕ್ಕೆ ಕವಿಶೈಲ ಎಂದು ಹೆಸರಿಟ್ಟಿತು. ಅದರ ಎತ್ತರವೆಷ್ಟೆಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ.