ನಿಲ್ಸಿದ ಕಲ್ಲಿನ ಊರು

ಗುಡ್ಡೆಲಿ ಉದ್ದದ ಕಲ್ಲು ಕಂಡರೆ ನಾವು ಎಂತ ಗ್ರೇಶುತ್ತು? ಗೇಟಿನ ಕಂಬಕ್ಕೆ ಅಕ್ಕು, ಅಲ್ಲದ್ರೆ ತೋಡಿಂಗೆ ಸಂಕ ಹಾಕುಲಕ್ಕು!

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿಲಿ ನಿಲಸ್ಕಲ್ ಹೇಳ್ತ ಊರಿದ್ದು. ಅಲ್ಲಿಪ್ಪ ನಿಲಸುಗಲ್ಲುಗಳಿಂದಲೇ ಊರಿಂಗೆ ಆ ಹೆಸರು. ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಜನಂಗೊ ನಿಲ್ಸಿದ್ದಡ. ಅಕ್ಷರ ಇಲ್ಲೆ, ಮೂರ್ತಿ ಇಲ್ಲೆ. ಬರೇ ಚಪ್ಪಟೆ ಕಲ್ಲುಗೊ.

ಶ್ರೀಕುಮಾರ ಮೆನನ್, ಮಯಾಂಕ್ ವಾಹಿಯಾ ಇವರ ತಂಡ ಅಳದು ನೋಡಿಯಪ್ಪಗ ಒಂದು ಸಂಗತಿ ಕಂಡತ್ತು. ಕೆಲವು ಜೋಡಿ ಕಲ್ಲುಗಳ ಸೇರ್ಸಿ ಗೆರೆ ಎಳದರೆ, ಅದು ಜೂನ್, ದಶಂಬರಲ್ಲಿ ಅಯನ ತಿರುಗುವ ದಿನ ಸೂರ್ಯ ಮೂಡುವ, ಕಂತುವ ದಿಕ್ಕಿಂಗೆ ಹೋವ್ತು.

ಹಾಂಗಾಗಿ ಒಂದು ಕಲ್ಲು ಹೋದರೆ, ಅದರ ಜತೆಯ ಕಲ್ಲೂ ಕುರುಡಾವ್ತು. ಜಾಗ್ರತೆಲಿ ತಂದು ಮ್ಯೂಸಿಯಮಿಲಿ ಮಡಗಿರೂ ಅಷ್ಟೇ: ಕಲ್ಲು ಒಳಿತ್ತು, ಗೆರೆ ಹೋವ್ತು.

ಕೇಂದ್ರದ ರಕ್ಷಿತ ಸ್ಮಾರಕಂಗಳ ಸುತ್ತು 100 ಮೀಟರಿಲಿ ಹೊಸ ಕಟ್ಟಡ ಕಟ್ಲಾಗ ಹೇಳಿ 1958ರ ಕಾನೂನಿಂಗೆ 2010ರಲ್ಲಿ ತಿದ್ದುಪಡಿ ಬಂತು. ಕಲ್ಲಿನ ಒಟ್ಟಿಂಗೆ ಅದರ ಜಾಗೆಯನ್ನೂ ಕಾಯೆಕ್ಕು ಹೇಳುದೇ ಅದರ ಅರ್ಥ.

ಆದರೆ ಪಟ್ಟಿಲಿ ಇಲ್ಲದ್ದ ಕಲ್ಲಿಂಗೆ ಆರು ಕಾವಲು? ಹತ್ತರಾಣ ಮನೆಯವೇ ಅಲ್ಲದೋ! ಗುಡ್ಡೆ ಸಮ ಮಾಡ್ಲೆ ಜೇಸಿಬಿ ಬರುಸುವ ಮದಲು ಒಂದರಿ ಹೋಗಿ ನೋಡಿಕ್ಕಿ. ಆರೋ ನಿಲ್ಸಿದ ಕಲ್ಲು ಅಲ್ಲಿ ಇಕ್ಕು.